ಹೊಗೆ ಹೊರಗೆ, ಕಾವು ಒಳಗೆ

ಧನುರ್ಮಾಸದ ಚಳಿ. ನೂರು ಕೋಳಿಮರಿಗಳಿದ್ದ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಮೈಸೂರಿನಿಂದ ಪಿರಿಯಾಪಟ್ಟಣದ ಕಡೆ ಹೊರಟಿದ್ದೆ. ಬಿಳಿಕೆರೆಯಲ್ಲಿ ಬಸ್ಸು ನಿಂತಾಗ ಎಲ್ಲರೂ ಕಾಫಿಗೆ ಇಳಿಯತೊಡಗಿದರು, ನಾನು ಇಳಿಯಲಿಲ್ಲ. ಹೊದ್ದಿದ್ದ ಶಾಲನ್ನು ಪೆಟ್ಟಿಗೆಗೆ ಸುತ್ತಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡುಗುತ್ತ ಕೂತೆ. ಪಕ್ಕದಲ್ಲಿದ್ದ ಮುದುಕ ಪೆಟ್ಟಿಗೆಯ ತೂತಿಗೆ ಕಿವಿಯಿಟ್ಟ.

“ಏನ್ ಸ್ವಾಮಿ ಒಳಗೆ, ಚೀಂವ್ ಚೀಂವ್ ಅಂತದೆ?”

“ಕೋಳಿಮರಿ. ಹುಟ್ಟಿ ಒಂದು ದಿನ ಆಗಿದೆ.”

“ತಾಯಿ ಎಲ್ಲದೆ?”

“ತಾಯಿ ಇಲ್ಲ. ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸಿದ್ದು.”

ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಂಗಾರೆ ನೀವೇಯ ತಾಯಿ” ಎಂದು ನಕ್ಕು ಇಳಿದುಹೋದ. ನನಗೆ ನಗು ಬರಲಿಲ್ಲ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಕಾವಿರಬೇಕು, ಆಮೇಲೆ ವಾರಕ್ಕೆ ಐದರಂತೆ ಇಳಿಸಬೇಕು ಎಂದು ತರಬೇತಿಯಲ್ಲಿ ಬರೆಸಿದ್ದರು. ಕರೆಂಟಿಲ್ಲದ ಹಳ್ಳಿಯಲ್ಲಿ ಆ ಕಾವನ್ನು ಎಲ್ಲಿಂದ ತರುವುದೆಂದು ಯಾರೂ ಬರೆಸಿರಲಿಲ್ಲ.

ಐವತ್ತರ ದಶಕದ ನಡುವಿನ ಮಾತು. ನನ್ನ ಕೆಲಸ ಸರಳವಾಗಿತ್ತು, ಕಾಗದದ ಮೇಲೆ. ರಾವಂದೂರಿಗೆ ಮೂರು ಮೈಲಿ ದೂರದ ಒಂದು ಹಳ್ಳಿಯಲ್ಲಿದ್ದು, ಈ ಮರಿಗಳನ್ನು ಒಂದು ತಿಂಗಳು ಬೆಚ್ಚಗೆ ಸಾಕಿ, ಕೆಳಗಿನ ಬೀದಿಯ ಹೆಂಗಸರಿಗೆ ಹಂಚಬೇಕು. ಸಾಕುವ ಕ್ರಮವನ್ನೂ ಹೇಳಿಕೊಡಬೇಕು. ಊರಾಚೆ ಪಾಳುಬಿದ್ದಿದ್ದ ಹಳೆಯ ಸ್ಕೂಲು ಕಟ್ಟಡ ಕೊಟ್ಟಿದ್ದರು. ಎರಡು ಕೋಣೆ. ಒಂದು ನನಗೆ, ಇನ್ನೊಂದು ಮರಿಗಳಿಗೆ.

ನಾನು ಲಿಂಗ ಕಟ್ಟಿದ ಮನೆಯವನು. ಪಶುವೈದ್ಯ ಇಲಾಖೆಗೆ, ದನಕರುಗಳಿಗೆ ಸೂಜಿ ಹಾಕುವ ಕೆಲಸವೆಂದುಕೊಂಡು ಸೇರಿದವನನ್ನು ಕೋಳಿಗೆ ಹಾಕಿದ್ದರು. ಊರಿಗೆ ಹೋದ ಮೊದಲ ದಿನ ಮೇಲಿನ ಬೀದಿಯ ದೊಡ್ಡಮನೆಯ ಯಜಮಾನರು ನನ್ನ ಕತ್ತಿನ ದಾರ ನೋಡಿ, ಮನೆತನ ವಿಚಾರಿಸಿ, ಒಳಗೆ ಕೂರಿಸಿ ಮುದ್ದೆ ಹಾಕಿಸಿದ್ದರು. ಮರಿಗಳು ಬಂದ ಮಾರನೆಯ ದಿನ ಹೋದಾಗ, “ಸ್ನಾನ ಮಾಡ್ಕಂಡು ಬಂದ್ರಾ?” ಎಂದು ಮೆಲ್ಲಗೆ ಕೇಳಿದರು. ಮಾಡಿದ್ದೆ. ಆದರೂ ಎಲೆ ಜಗಲಿಗೆ ಬಂತು. ಅವರ ದನಿಯಲ್ಲಿ ಕೆಡುಕಿರಲಿಲ್ಲ. ನನಗೇ ಮೂಗಿನ ತುದಿಯಲ್ಲಿ ಕೋಪ. ಅವತ್ತಿನಿಂದ ಸ್ಕೂಲಿನಲ್ಲೇ ಒಲೆ ಹೂಡಿ ಅನ್ನ ಬೇಯಿಸಿಕೊಂಡೆ. ಕೆಳಗಿನ ಬೀದಿಯವರಿಗೋ ನಾನು ಮೇಲಿನ ಬೀದಿಯವರ ಪೈಕಿ. ನನ್ನನ್ನು ಕಂಡರೆ ಎದ್ದು ನಿಂತು, ಮಾತು ನಿಲ್ಲಿಸಿಬಿಡುತ್ತಿದ್ದರು. ಹೀಗೆ ಎರಡು ಬೀದಿಗೂ ಸಲ್ಲದೆ, ದಿನಕ್ಕೆ ಒಂದು ಮಾತೂ ಆಡದೆ ಮಲಗಿದ ದಿನಗಳಿವೆ. ಮರಿಗಳ ಜೊತೆ ಮಾತಾಡುತ್ತಿದ್ದೆ. ಅವು ಉತ್ತರ ಕೊಡುತ್ತಿದ್ದವು ಎಂದು ಈಗ ಹೇಳಿದರೆ ನಗುತ್ತೀರಿ.

ಉತ್ತರ ಕೊಡುತ್ತಿದ್ದದ್ದು ನಿಜ. ಒಂದರ ಮೇಲೊಂದು ಬಿದ್ದು ಚೀರಿದರೆ ಚಳಿಯಾಗಿದೆ ಎಂದರ್ಥ. ಕಾವಿನಿಂದ ದೂರ ಸರಿದು ಕೊಕ್ಕು ತೆರೆದು ತೇಕಿದರೆ ಸೆಕೆ. ಎಲ್ಲ ಒಂದೇ ಬದಿಗೆ ಜರುಗಿದರೆ ಎಲ್ಲಿಂದಲೋ ಗಾಳಿ ಹೊಡೆಯುತ್ತಿದೆ. ಕೋಣೆಯ ತುಂಬ ಚದುರಿಕೊಂಡು ಮೆಲ್ಲಗೆ ಚಿಲಿಪಿಲಿಗುಟ್ಟಿದರೆ ಹದವಾಗಿದೆ. ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರಿಗಿಂತ ಈ ಭಾಷೆಯನ್ನು ನಾನು ಬೇಗ ಕಲಿತೆ.

ಇಲಾಖೆಯಿಂದ ಕೊಟ್ಟಿದ್ದು ತಗಡಿನ ಕೊಡೆಯ ಕೆಳಗೆ ಇಡುವ ಸೀಮೆಎಣ್ಣೆ ದೀಪ. ನೆಲಕ್ಕೆ ಭತ್ತದ ಹೊಟ್ಟು ಹಾಸಿ, ಸುತ್ತ ಬಿದಿರು ತಟ್ಟಿ ಬಳಸಿ, ನಡುವೆ ಅದನ್ನಿಟ್ಟೆ. ಬತ್ತಿ ಏರಿಸಿದರೆ ಮಸಿ, ಇಳಿಸಿದರೆ ಚಳಿ. ಎರಡು ದಿನದಲ್ಲಿ ಬಿಳಿ ಮರಿಗಳೆಲ್ಲ ಕಮ್ಮಾರನ ಮಕ್ಕಳ ಹಾಗಾದವು. ಮೂರನೆಯ ದಿನ ನೀರಿನ ತಟ್ಟೆ ತುಂಬಲು ಬಗ್ಗಿದವನ ಪಂಚೆ ತಾಗಿ ದೀಪ ಉರುಳಿತು. ಹೊಟ್ಟು ಭಗ್ಗೆಂದಿತು. ಮೈಮೇಲಿನ ಕಂಬಳಿ ಹಾಕಿ ತುಳಿದು ಆರಿಸಿದೆ. ಎರಡು ಮರಿ ಸುಟ್ಟುಹೋದವು, ಹಾದಿಯಲ್ಲೇ ಸತ್ತಿದ್ದ ಎರಡು ಸೇರಿ ನಾಲ್ಕು. ಇನ್ನು ಉರಿಯ ಸಹವಾಸವೇ ಬೇಡ ಎಂದು ತೀರ್ಮಾನಿಸಿದೆ.

ಉರಿಯಿಲ್ಲದ, ಹೊಗೆಯಿಲ್ಲದ ಬೆಂಕಿ ಯಾವುದು? ಇದ್ದಲು. ಚಿಕ್ಕಂದಿನಲ್ಲಿ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವುದನ್ನು ನೋಡಿದ್ದೆ. ಮನುಷ್ಯರ ಕೂಸಿಗೆ ಆಗುವುದು ಕೋಳಿಯ ಕೂಸಿಗೆ ಆಗದೇ ಎಂದು ದೊಡ್ಡ ಬಾಂಡ್ಲಿಯಲ್ಲಿ ಇದ್ದಲು ಹೊತ್ತಿಸಿ, ಕೆಂಪಗಾದ ಮೇಲೆ ಬೂದಿ ಮುಚ್ಚಿ, ಇಟ್ಟಿಗೆಗಳ ಮೇಲೆ ಕೂರಿಸಿದೆ. ಹೊಗೆಯ ಎಳೆಯೂ ಇಲ್ಲ. ತೊಂಬತ್ತೈದಕ್ಕೆ ಪಾದರಸ ಏರಿ ನಿಂತುಬಿಟ್ಟಿತು. ಮರಿಗಳು ಹರಡಿಕೊಂಡು ಮೆಲ್ಲಗೆ ಚಿಲಿಪಿಲಿಗುಟ್ಟಿದವು. ಎರಡು ದಿನ ನಾನೇ ಕಂಡುಹಿಡಿದೆ ಎಂಬ ಹಮ್ಮಿನಲ್ಲಿದ್ದೆ. ಮೂರನೆಯ ದಿನ ಸಂಜೆ ಕೊಡಗಿನ ಕಡೆಯಿಂದ ಗಾಳಿ ಬೀಸಿತು. ಕಿಟಕಿಗಳಿಗೆ ಗೋಣಿತಾಟು ತುರುಕಿ, ಬಾಗಿಲು ಮುಚ್ಚಿ, ಬಾಂಡ್ಲಿಗೆ ಇನ್ನಷ್ಟು ಇದ್ದಲು ಸುರಿದು ಮಲಗಿದೆ.

ಬೆಳಗ್ಗೆ ಬಾಗಿಲು ತೆಗೆದಾಗ ಕೋಣೆ ಬೆಚ್ಚಗಿತ್ತು. ಸದ್ದಿರಲಿಲ್ಲ.

ಬಾಂಡ್ಲಿಯ ಸುತ್ತ ನಿದ್ದೆ ಹೋದಂತೆ ಬಿದ್ದಿದ್ದವು. ತೊಂಬತ್ತೊಂದು. ಬಾಗಿಲ ಅಡಿಯ ಸಂದಿಯ ಹತ್ತಿರ, ತಟ್ಟಿಯ ಹೊರಗೆ ತೂರಿಕೊಂಡಿದ್ದ ಐದು ಮಾತ್ರ ಎದ್ದು ನಿಂತು ಚೀಂವ್ ಎಂದವು. ನಾನು ಹೊಸ್ತಿಲ ಮೇಲೆ ಕೂತು ಅತ್ತೆ. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಚೆನ್ನಾಗಿಯೇ ಅತ್ತೆ.

ಆಮೇಲೆ ಕಲಿತ ಪ್ರಕಾರ ಎರಡನ್ನು ಕೊಯ್ದು ನೋಡಿದೆ. ಕರುಳು ಸರಿಯಿತ್ತು, ಹಸಿರು ಭೇದಿಯ ಗುರುತಿರಲಿಲ್ಲ, ಕತ್ತು ತಿರುಚಿರಲಿಲ್ಲ. ಒಂದೇ ಒಂದು ವಿಚಿತ್ರ: ರಕ್ತ ಕುಂಕುಮದಷ್ಟು ಕೆಂಪಗಿತ್ತು. ಸತ್ತು ಗಂಟೆಗಳಾದ ಮೇಲೂ ಕಪ್ಪಾಗಿರಲಿಲ್ಲ. ಅದನ್ನು ನೋಡಿದೆ, ಅರ್ಥವಾಗಲಿಲ್ಲ, ಹೂತುಬಿಟ್ಟೆ. ಪಿರಿಯಾಪಟ್ಟಣದಲ್ಲಿದ್ದ ಮೇಲಧಿಕಾರಿಗೆ ವರದಿ ಬರೆಯುವಾಗ ಕಾರಣದ ಸಾಲಿನಲ್ಲಿ ಪೆನ್ನು ನಿಂತಿತು. ‘ರಾಣಿಖೇತ್ ಕಾಯಿಲೆಯ ಶಂಕೆ’ ಎಂದು ಬರೆದೆ, ಕೋಳಿಗಳ ಹಿಂಡನ್ನೇ ಮುಗಿಸುವ ಅಂಟುರೋಗ. ಕಾಯಿಲೆ ಎಂದರೆ ದೇವರ ಮೇಲೆ ಹೋಗುತ್ತದೆ. ಬಾಂಡ್ಲಿ ಎಂದರೆ ನನ್ನ ಮೇಲೆ ಬರುತ್ತದೆ. ನನಗೆ ನಿಜ ಗೊತ್ತಿತ್ತು ಎಂದರೆ ಸುಳ್ಳು. ಗೊತ್ತೇ ಇರಲಿಲ್ಲ ಎಂದರೂ ಸುಳ್ಳು.

ಎರಡು ದಿನಕ್ಕೆ ಅಲ್ಲಿಂದ ಚೀಟಿ ಬಂತು. ಊರ ಕೋಳಿಗಳನ್ನು ಹೊರಗೆ ಬಿಡಬಾರದು, ಕಾಯಿಲೆ ಬಂದಿರಬಹುದು, ಎಚ್ಚರ. ತಳವಾರ ತಮಟೆ ಬಾರಿಸಿ ಸಾರಿದ. ನಾನು ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಆ ಸೀಮೆಯ ರೂಢಿ ಬೇರೆಯೇ ಇತ್ತು. ಕೋಳಿಗೆ ರೋಗ ಬರುತ್ತದೆ ಎಂದು ಕಿವಿಗೆ ಬಿದ್ದರೆ, ಅದು ಸಾಯುವ ಮೊದಲು ಸಾರು ಮಾಡಿಬಿಡುವುದು. ಸತ್ತ ಕೋಳಿ ತಿಪ್ಪೆಗೆ, ಬದುಕಿರುವುದು ಎಸರಿಗೆ. ಎರಡು ದಿನ ಕೆಳಗಿನ ಬೀದಿಯ ಮನೆಮನೆಯಲ್ಲೂ ಮಸಾಲೆ ಅರೆದರು. ಮೂರನೆಯ ದಿನ ಬೆಳಗ್ಗೆ ಆ ಊರಲ್ಲಿ ಕೋಳಿ ಕೂಗಲಿಲ್ಲ.

ಅವತ್ತು ಒಬ್ಬ ಹೆಂಗಸು ಸ್ಕೂಲಿನ ಹತ್ತಿರ ಬಂದಳು. ನಲವತ್ತರ ಆಸುಪಾಸು, ಗಂಡ ಇಲ್ಲದವಳು, ರಾವಂದೂರಿನ ಸಂತೆಗೆ ಮೊಟ್ಟೆ ಹೊತ್ತುಕೊಂಡು ಹೋಗಿ ಮಾರಿ ಬದುಕುವವಳು. ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡಿದ್ದಳು.

“ಆರು ಕೋಳಿ ಇದ್ದೊ. ಎಲ್ಲಾನೂ ಕುಯ್ದ್ಬುಟ್ಟೊ” ಎಂದಳು. “ಒಂದು ಕಾವಿಗೆ ಕುಂತಿತ್ತು. ಅದೂ ಸತ್ತೋದ್ರೆ ಏನ್ ಮಾಡಾದು ಅಂತ ಅದ್ನೂ ಕುಯ್ದೊ. ಮೊಟ್ಟೆ ಇನ್ನಾ ಬೆಚ್ಚಗವೆ. ನಿಮ್ಮ ಮಿಸೀನ್‌ಗೆ ಇಟ್ರೆ ಮರಿ ಆಯ್ತವಾ?”

ಸೆರಗು ಬಿಚ್ಚಿದಳು. ಹನ್ನೊಂದು ಮೊಟ್ಟೆ. ನನ್ನ ಹತ್ತಿರ ಯಂತ್ರ ಇರಲಿಲ್ಲ. ಇಲ್ಲ ಎಂದೆ. ಅವಳು ಬುಟ್ಟಿಯಲ್ಲಿದ್ದ ಐದು ಮರಿಗಳನ್ನು ನೋಡಿದಳು.

“ಇವಕ್ಕೆ ಯಾಕೆ ರೋಗ ಬರ್ನಿಲ್ಲ?”

ನಾನು ಬುಟ್ಟಿಯ ಮೇಲೆ ಗೋಣಿತಾಟು ಎಳೆದೆ. ಅವಳು ಸೆರಗು ಕಟ್ಟಿಕೊಂಡು ಹೋದಳು. ಅವಳ ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ರಾಣಿಖೇತ್ ಆಗಿದ್ದರೆ ಆ ಐದೂ ವಾರದೊಳಗೆ ಸಾಯಬೇಕಿತ್ತು. ನನ್ನ ಕಣ್ಣೆದುರೇ ರಾಗಿ ನುಚ್ಚು ತಿಂದು ಕೊಬ್ಬುತ್ತಿದ್ದವು.

ಆ ವಾರಗಳು ನನ್ನ ಬದುಕಿನಲ್ಲಿಯೇ ಅತ್ಯಂತ ಒಂಟಿ ದಿನಗಳು. ಮೊದಲು ನನ್ನನ್ನು ಕಂಡು ಸುಮ್ಮನಾಗುತ್ತಿದ್ದವರು ಈಗ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವ್ವನಿಗೆ ಕಾಗದ ಬರೆಯಲು ಕೂತರೆ ‘ಕ್ಷೇಮ’ ಎಂಬ ಮಾತಿನ ಮುಂದಕ್ಕೆ ಕೈ ಓಡುತ್ತಿರಲಿಲ್ಲ. ಸಂಜೆಯಾದರೆ ಹೊಲಗಳಾಚೆ ಒಂದು ಹೊಗೆ ಏಳುವುದು ಕಾಣುತ್ತಿತ್ತು. ದೊಡ್ಡಮನೆಯ ಯಜಮಾನರ ಹೊಗೆಸೊಪ್ಪಿನ ಬ್ಯಾರನ್ನು, ಅಂದರೆ ಸೊಪ್ಪನ್ನು ಕಟ್ಟಿ ತೂಗುಹಾಕಿ ಬಿಸಿಯಲ್ಲಿ ಹದ ಮಾಡುವ ಎತ್ತರದ ಮನೆ. ವರ್ಷದ ಕೊನೆಯ ಸೊಪ್ಪು ಬೇಯುತ್ತಿತ್ತು. ಹೊಗೆ ಇದ್ದಲ್ಲಿ ಒಬ್ಬ ಮನುಷ್ಯನಾದರೂ ಇರುತ್ತಾನಲ್ಲ ಎಂದು ಒಂದು ಸಂಜೆ ಅತ್ತ ನಡೆದೆ.

ಬೆಂಕಿ ಒಡ್ಡುವವನು ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ನನ್ನ ವಯಸ್ಸಿಗೆ ಎರಡು ಪಟ್ಟು, ಎಡಗೈ ಮೇಲೆ ಹಳೆಯ ಸುಟ್ಟ ಕಲೆ. ಅವನೂ ಸೊಪ್ಪು ಬೇಯುವಷ್ಟು ದಿನ ಮನೆಗೆ ಹೋಗದೆ ಅಲ್ಲೇ ಇರುವವನು. ಪಕ್ಕದ ಕಲ್ಲು ತೋರಿಸಿ, “ಕುಂತ್ಕಳಿ” ಎಂದ. ಎಷ್ಟು ದಿನದ ಮೇಲೆ ಒಬ್ಬರು ನನಗೆ ಕೂರಲು ಹೇಳಿದ್ದು! ನಾನು ಕೂತು, ಕೇಳದೆಯೇ ಎಲ್ಲವನ್ನೂ ಹೇಳಿಬಿಟ್ಟೆ. ಬಾಂಡ್ಲಿ, ಗೋಣಿತಾಟು, ಕುಂಕುಮದಂಥ ರಕ್ತ, ಬಾಗಿಲ ಸಂದಿಯ ಐದು.

ಅವನು ಕೊಳ್ಳಿಯೊಂದನ್ನು ಒಳಗೆ ನೂಕಿ ಹೇಳಿದ. “ರೋಗವೂ ಇಲ್ಲ ಗೀಗವೂ ಇಲ್ಲ ಕಣ್ರೀ. ಇದ್ಲು ಕೊಂದದೆ.”

“ಹೊಗೆಯೇ ಇರಲಿಲ್ಲವಲ್ಲ?”

“ಅದೇಯ ಕೊಲ್ಲಾದು. ನಾನು ಮುಂಚೆ ಇದ್ಲು ಬಸ್ಸಲ್ಲಿ ಕಿಲೀನರ್ ಆಗಿದ್ದೆ, ಹುಣ್ಸೂರು ಲೈನ್ನಲ್ಲಿ. ಯುದ್ದದ ಕಾಲ, ಪೆಟ್ರೋಲ್ ಇರ್ನಿಲ್ಲ. ಬಸ್ಸಿನ ಇಂದ್ಗಡೆ ಡ್ರಮ್ಮು, ಅದ್ರೊಳಗೆ ಇದ್ಲು, ಆ ಗ್ಯಾಸಲ್ಲೇ ಗಾಡಿ ಓಡ್ತಿತ್ತು. ಮಳೆ ಅಂತ ಶೆಡ್ ಬಾಗ್ಲು ಹಾಕ್ಕಂಡು ಡ್ರಮ್ಮು ಊದ್ತಾ ಇದ್ದೆ. ವಾಸ್ನೆ ಇಲ್ಲ, ಕೆಮ್ಮಿಲ್ಲ. ತಲೆ ಗಿಮ್ಮಂತು, ಅಷ್ಟೇಯ. ಕಣ್ ಬುಟ್ಟಾಗ ಬಯಲಲ್ಲಿ ಮಲಗಿಸಿದ್ರು. ಕೆನ್ನೆ ಟೊಮೇಟೊ ಆಗಿತ್ತಂತೆ.”

ಅವನು ಒಲೆ ನೋಡುತ್ತಿದ್ದ, ನಾನು ಅದರ ಬೆಂಕಿಯಲ್ಲಿ ಆ ಹೆಂಗಸಿನ ಆರು ಕೋಳಿಗಳನ್ನು ನೋಡುತ್ತಿದ್ದೆ.

“ಸೌದೆ ಒಗೆ ಸಾವಾಸ ವಾಸಿ” ಎಂದ ಅವನು. “ಅದು ಮೊದ್ಲು ಕಣ್ಣಿಗೆ ಒಡೀತದೆ. ಓಗಪ್ಪ ಆಚೆಗೆ ಅಂತ ಏಳ್ತದೆ. ಇದ್ಲು ಏಳಾದೇ ಇಲ್ಲ.”

“ನಿಮ್ಮ ಬ್ಯಾರನ್ನಿನೊಳಗೆ ಹೊಗೆ ಇಲ್ಲವೇ? ಸೊಪ್ಪಿಗೆ ಹೊಗೆ ಹತ್ತುವುದಿಲ್ಲವೇ?”

ಅವನು ನಕ್ಕ. ನನ್ನನ್ನು ಎಬ್ಬಿಸಿ ಬಾಗಿಲ ಸಣ್ಣ ಗಾಜಿನಲ್ಲಿ ಇಣುಕಿಸಿದ. ನೆಲದ ಮೇಲೆ ತೊಡೆ ದಪ್ಪದ ತಗಡಿನ ಕೊಳವೆಗಳು ಸುತ್ತುಹಾಕಿಕೊಂಡು ಹೋಗಿದ್ದವು. ಒಲೆಯ ಬಾಯಿ ಗೋಡೆಯ ಹೊರಗೆ. ಬೆಂಕಿಯ ಬಿಸಿ, ಹೊಗೆ ಎರಡೂ ಕೊಳವೆಯೊಳಗೆ ಓಡಿ, ಬಿಸಿಯನ್ನು ಮನೆಗೆ ಕೊಟ್ಟು, ಹೊಗೆ ಮಾತ್ರ ಇನ್ನೊಂದು ಗೋಡೆಯ ಚಿಮಣಿಯಿಂದ ಹೊರಬೀಳುತ್ತಿತ್ತು. “ಒಗೆ ಒರಗೆ, ಕಾವು ಒಳಗೆ” ಎಂದ. ಇಡೀ ಹುಣಸೂರು, ಪಿರಿಯಾಪಟ್ಟಣ ಸೀಮೆಯ ರೈತರು ಕಣ್ಣುಮುಚ್ಚಿ ಮಾಡುತ್ತಿದ್ದ ಕೆಲಸ ಅದು. ನಾನು ವಾರಗಟ್ಟಲೆ ಅದರ ಹೊಗೆಯನ್ನು ನೋಡುತ್ತ, ಪುಸ್ತಕ ತಿರುವುತ್ತ ಕೂತಿದ್ದೆ.

ಮಾರನೆಯ ದಿನವೇ ಪಿರಿಯಾಪಟ್ಟಣಕ್ಕೆ ಹೋಗಿ ಮೇಲಧಿಕಾರಿಯ ಮುಂದೆ ನಿಂತೆ. ವರದಿ ತಪ್ಪು, ಕಾಯಿಲೆ ಇರಲಿಲ್ಲ, ಕೊಂದವನು ನಾನು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ.

“ಊರಲ್ಲಿ ಯಾರಿಗಾದರೂ ಹೇಳಿದೆಯಾ?”

“ಇಲ್ಲ ಸಾರ್.”

“ಹೇಳಬೇಡ. ಆದದ್ದು ಆಗಿಹೋಯ್ತು. ಹುಣಸೂರಿಗೆ ಹೋಗು. ಅಲ್ಲಿ ಕರೆಂಟ್ ಇದೆ. ನಾಲ್ಕು ಬಲ್ಬು ತೂಗುಹಾಕಿದರೆ ತಾಯಿಕೋಳಿಗಿಂತ ಚೆನ್ನಾಗಿ ಸಾಕುತ್ತವೆ. ಬೆಳೆದ ಮೇಲೆ ಹಳ್ಳಿಗೆ ಹಂಚಿದರಾಯ್ತು.”

ಆಸೆಯಾಯಿತು. ಹುಣಸೂರಿನಲ್ಲಿ ಹೋಟೆಲಿದೆ, ಲೈಬ್ರರಿಯಿದೆ, ಮಾತಾಡುವ ಜನರಿದ್ದಾರೆ. ಬಲ್ಬಿನ ಕಾವು ಎಲ್ಲಕ್ಕಿಂತ ಕ್ಷೇಮವೆಂಬುದರಲ್ಲೂ ಸಂಶಯವಿರಲಿಲ್ಲ. ಆದರೆ ಆ ಹೆಂಗಸಿನ ಮನೆಯಲ್ಲಿ ಬಲ್ಬಿಲ್ಲ. ಅವಳಿಗೆ ಹೊತ್ತಿಸಲಾಗದ ಬೆಂಕಿಯನ್ನು ನಾನು ಕಲಿಸಿ ಏನು ಫಲ? ಅಲ್ಲದೆ, ಕೋಳಿ ಕೂಗದ ಆ ಊರನ್ನು ಹಾಗೇ ಬಿಟ್ಟು ಬಸ್ಸು ಹತ್ತಿದರೆ ಆಯುಷ್ಯವೆಲ್ಲ ನಿದ್ದೆ ಬರುತ್ತಿರಲಿಲ್ಲ. “ಅಲ್ಲೇ ಇರುತ್ತೇನೆ ಸಾರ್. ಇನ್ನೊಂದು ಪೆಟ್ಟಿಗೆ ಕೊಡಿ” ಎಂದೆ.

“ಒಂದೇ ಪೆಟ್ಟಿಗೆ” ಎಂದರು. “ಇದೂ ಹೋದರೆ ಕೇಂದ್ರ ಮುಚ್ಚುತ್ತೇನೆ. ನೀನು ಅಂತರಸಂತೆಯ ಕಾಡಂಚಿನಲ್ಲಿ ದನಕ್ಕೆ ಸೂಜಿ ಹಾಕಿಕೊಂಡಿರು.”

ಕೊಳವೆ ಕೇಳಲು ದೊಡ್ಡಮನೆಗೆ ಹೋದೆ. ಯಜಮಾನರ ಹಿತ್ತಿಲಿನಲ್ಲಿ ತುಕ್ಕು ಹಿಡಿದ ಹಳೆಯ ಕೊಳವೆಗಳು ಬಿದ್ದಿದ್ದವು. ಏತಕ್ಕೆಂದು ಕೇಳಿದರು. ಹೇಳಿದೆ. ಅವರು ವಿಭೂತಿಯ ಹಣೆ ಸವರಿಕೊಂಡು ಸ್ವಲ್ಪ ಯೋಚಿಸಿದರು.

“ತಕ್ಕೊಂಡೋಗಿ. ಆದ್ರೆ ವಾಪಸ್ ತರಬ್ಯಾಡಿ” ಎಂದರು. ಬಾಗಿಲು ದಾಟುವಾಗ ಹಿಂದಿನಿಂದ, “ಬೆಂಕಿ ಒಡ್ಡೋನ್ನ ಕರ್ಕೊಂಡೋಗಿ, ಸೊಪ್ಪಿನ ಕೆಲ್ಸ ಮುಗೀತು. ನಿಮ್ ಕೈಲಿ ಆಗಾದಲ್ಲ ಅದು” ಎಂದೂ ಸೇರಿಸಿದರು.

ಎಂಟು ದಿನ ಹಿಡಿಯಿತು. ಮೂಡಣ ಗೋಡೆ ಕೊರೆದು ಹೊರಗೆ ಇಟ್ಟಿಗೆಯ ಒಲೆ ಕಟ್ಟಿದೆವು. ಕೊಳವೆಗಳನ್ನು ನೆಲದಿಂದ ಒಂದು ಮೊಳ ಎತ್ತರದಲ್ಲಿ, ಹೋಗುತ್ತ ಹೋಗುತ್ತ ನಾಲ್ಕು ಬೆರಳು ಏರುವಂತೆ ಕೂರಿಸಿದೆವು. ಬಿಸಿ ಮೇಲ್ಮುಖವಾಗಿ ಓಡಬೇಕಲ್ಲ. ಪಡುವಣ ಗೋಡೆಯಲ್ಲಿ ಚಿಮಣಿ. ಕೊಳವೆಯ ಕೆಳಗೆ ಹೊಟ್ಟು ಬೇಡವೆಂದು ಎರಡಡಿ ಅಗಲ ಮರಳು. ಬೆಸುಗೆಗಳಿಗೆ ಕೆರೆಯ ಜೇಡಿ, ಸಗಣಿ ಕಲಸಿ ಮೆತ್ತಿದೆವು.

ಮೊದಲ ಸಲ ಹೊತ್ತಿಸಿದಾಗ ಹೊಗೆ ಹಿಂದಕ್ಕೆ ತಿರುಗಿ ಒಲೆಯ ಬಾಯಿಂದಲೇ ನಮ್ಮ ಮುಖಕ್ಕೆ ಬಡಿಯಿತು. ಚಿಮಣಿಯನ್ನು ಮಾಡಿಗಿಂತ ಎರಡು ಮೊಳ ಎತ್ತರಿಸಿದೆವು. ಆಮೇಲೆ ಅವನು ಹಸಿ ಲಂಟಾನ ಸೊಪ್ಪು ತಂದು ಒಲೆಗೆ ತುರುಕಿದ. ದಟ್ಟ ಹೊಗೆ ಬರಲಿ, ಎಲ್ಲಿ ಸೋರುತ್ತದೋ ಕಾಣಲಿ ಎಂದು. ಹಂಚಿನ ಸಂದಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಮೂರು ಕಡೆ ನೀಲಿ ಎಳೆಗಳು ಕಂಡವು. ಮೆತ್ತಿದೆವು. ಮತ್ತೆ ಹೊತ್ತಿಸಿದೆವು. ಇನ್ನೊಂದು ಎಳೆ. ಮತ್ತೆ ಮೆತ್ತಿದೆವು. ಬಿಸಿಲುಕೋಲು ಶುದ್ಧವಾದ ಮೇಲೂ ನನಗೆ ಧೈರ್ಯ ಬರಲಿಲ್ಲ. ಕಾಣದ ಹೊಗೆಯೊಂದು ನನಗೆ ಒಮ್ಮೆ ಮೋಸ ಮಾಡಿತ್ತು.

“ಆ ಐದು ಮರೀನ ಒಳಗೆ ಬುಟ್ಟು ನೋಡಾವ” ಎಂದ ಅವನು. ಸರಿಯಾದ ಮಾತೇ. ನನಗೆ ಮನಸ್ಸು ಬರಲಿಲ್ಲ. “ನಾನೇ ಕೂರುತ್ತೇನೆ” ಎಂದೆ.

“ತಲೆ ನೆಟ್ಟಗದಾ ನಿಮ್ಗೆ?”

“ಮರಿಯ ಮಟ್ಟದಲ್ಲಿ ಮಲಗುತ್ತೇನೆ. ನೀವು ಹೊರಗಿನಿಂದ ಆಗಾಗ ಕೂಗುತ್ತಿರಿ. ಉತ್ತರ ಬರದಿದ್ದರೆ ಬಾಗಿಲು ಒಡೆಯಿರಿ.”

ಬೆಳಗ್ಗೆ ಒಳಗೆ ಹೋದವನು ಹೊಟ್ಟಿನ ಮೇಲೆ ಅಂಗಾತ ಮಲಗಿದೆ. ಥರ್ಮಾಮೀಟರು ಎದೆಯ ಮೇಲೆ. ಎಂಬತ್ತು, ಎಂಬತ್ತೆಂಟು, ತೊಂಬತ್ತನಾಲ್ಕು. ಕೊಳವೆ ಟಣ್ ಟಣ್ ಎಂದು ಹಿಗ್ಗುತ್ತಿತ್ತು. ಹೊರಗಿನಿಂದ ಅವನ ದನಿ.

“ಸ್ವಾಮೇರಾ, ಇದ್ದೀರಾ?”

“ಇದ್ದೀನಿ.”

ಸ್ವಲ್ಪ ಹೊತ್ತಿಗೆ ಮತ್ತೆ. “ಇದ್ದೀರಾ?”

“ಇದ್ದೀನಿ.”

ಏಳನೆಯದೋ ಎಂಟನೆಯದೋ ಸಲ ನನ್ನ ಕಣ್ಣು ತುಂಬಿ, ಉತ್ತರ ತಡವಾಯಿತು. ಅವನು ಬಾಗಿಲು ಗುದ್ದಿದ. “ಇದ್ದೀನಿ, ಇದ್ದೀನಿ” ಎಂದು ಕಿರುಚಿದೆ. ಹೊಗೆಯಿಂದ ಅಲ್ಲ. ಆ ಊರಿಗೆ ಬಂದ ಮೇಲೆ ನಾನು ಇದ್ದೇನೆಯೇ ಎಂದು ಯಾರೂ ಕೇಳಿರಲಿಲ್ಲ. ಅದು ಅವನಿಗೆ ಗೊತ್ತಾಗುವುದು ಬೇಡವೆಂದು, ಸಂಜೆ ಹೊರಬಂದಾಗ ಕಣ್ಣಿಗೆ ಹೊಟ್ಟು ಬಿತ್ತು ಎಂದೆ. ಅವನು ನನ್ನ ಕೆನ್ನೆ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿ, “ಟೊಮೇಟೊ ಆಗಿಲ್ಲ, ಹುಳಿ ಮುಖ ಅಂಗೇ ಅದೆ” ಎಂದ.

ಎರಡನೆಯ ಪೆಟ್ಟಿಗೆ ಸಂಕ್ರಾಂತಿ ಕಳೆದ ಮೇಲೆ ಬಂತು. ಬಿಡುವ ಮೊದಲೇ ಒಂದು ದಿನ ಕೋಣೆ ಕಾಯಿಸಿಟ್ಟಿದ್ದೆವು. ಅಷ್ಟಾದರೂ ಎರಡನೆಯ ದಿನ ಪಾದರಸ ನೂರಹತ್ತಕ್ಕೆ ಏರಿ ಮರಿಗಳು ಗೋಡೆಗಂಟಿ ತೇಕಿದವು. ಪುಳ್ಳೆ ಸೌದೆಯ ತಪ್ಪು. ಜಾಲಿಯ ದಪ್ಪ ಬೊಡ್ಡೆಯೊಂದನ್ನು ಒಲೆಗೆ ಕೊಟ್ಟು, ಬಾಯಿಗೆ ಕಲ್ಲು ಅಡ್ಡವಿಟ್ಟು, ಎಷ್ಟು ಬೆರಳು ಸಂದಿ ಬಿಟ್ಟರೆ ಎಷ್ಟು ಡಿಗ್ರಿ ಎಂದು ಅವನು ಕಲಿಸಿದ. ಮೂರು ಬೆರಳಿಗೆ ತೊಂಬತ್ತೈದು. ಕಿಟಕಿಗೆ ಗೋಣಿತಾಟು ತುರುಕಲಿಲ್ಲ. ಮೇಲುಗಡೆ ಅಂಗೈ ಅಗಲ ಯಾವಾಗಲೂ ತೆರೆದಿಟ್ಟೆ. ನಾಲ್ಕನೆಯ ದಿನ ಬಾಗಿಲು ತೆಗೆದರೆ ನೂರೂ ಮರಿಗಳು ರಾಗಿ ಚೆಲ್ಲಿದ ಹಾಗೆ ಹರಡಿಕೊಂಡು ಚಿಲಿಪಿಲಿಗುಟ್ಟುತ್ತಿದ್ದವು. ಬೆಂಕಿ ಒಡ್ಡುವವನು ಕೆಲಸ ಹುಡುಕಿಕೊಂಡು ಕೆ.ಆರ್. ನಗರದ ಕಡೆ ಕಬ್ಬಿನ ಗಾಣಕ್ಕೆ ಹೊರಟ. “ಇನ್ ನಾನ್ಯಾಕೆ, ಅವೇ ಏಳ್ತವಲ್ಲ ನಿಮ್ಗೆ” ಎಂದು ಮರಿಗಳನ್ನು ತೋರಿಸಿದ. ಅವನು ಹೋದ ಮೇಲೆ ಮತ್ತೆ ಒಂಟಿಯಾದೆ.

ತಿಂಗಳು ತುಂಬಿದಾಗ ಏಳು ಹೋಗಿ ತೊಂಬತ್ತಮೂರು ಉಳಿದಿದ್ದವು. ತಳವಾರನಿಂದ ಸಾರಿಸಿದೆ. ಯಾರೂ ಬರಲಿಲ್ಲ. ಯಾಕೆ ಬರುತ್ತಾರೆ? ಆ ಕಟ್ಟಡದಿಂದ ಅವರ ಬೀದಿಗೆ ಒಮ್ಮೆ ಬಂದದ್ದು ರೋಗದ ಸುದ್ದಿ. ಎರಡು ದಿನ ಕಾದೆ. ಮೂರನೆಯ ದಿನ ಆ ಹೆಂಗಸು ಮಾತ್ರ ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡು ಬಂದಳು. ಕೋಣೆಯೊಳಗೆ ಬಗ್ಗಿ ಕೊಳವೆ ಮುಟ್ಟಿ ನೋಡಿದಳು, ಚಿಮಣಿಯ ಕಡೆ ಕತ್ತೆತ್ತಿದಳು. “ಬ್ಯಾರನ್ನು ಮಾಡ್ಬುಟ್ಟಿದ್ದೀರಲ್ಲ” ಎಂದಳು.

ಮರಿ ಕೊಡುವ ಮೊದಲು ಹೇಳಬೇಕಾದದ್ದಿತ್ತು. ಮೇಲಧಿಕಾರಿ ಹೇಳಬೇಡ ಎಂದಿದ್ದರು. ಹೇಳಿದೆ.

“ಆವತ್ತು ಕಾಯಿಲೆ ಇರಲಿಲ್ಲ. ಮರಿಗಳು ಸತ್ತದ್ದು ನಾನು ಇಟ್ಟ ಇದ್ದಲಿನಿಂದ. ನಾನು ಕಾಯಿಲೆ ಎಂದು ಬರೆದೆ.”

ಅವಳು ಬುಟ್ಟಿಯನ್ನು ಕೆಳಗಿಟ್ಟಳು. “ಅಂಗಾರೆ ನನ್ ಕೋಳಿಗೆ ಏನೂ ಆಗಿರ್ನಿಲ್ವಾ?”

“ಇಲ್ಲ.”

“ಕಾವಿಗೆ ಕುಂತಿತ್ತಲ್ಲ, ಅದ್ಕೂ?”

“ಅದಕ್ಕೂ.”

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಬಗ್ಗಿ ಮರಿಗಳನ್ನು ಒಂದೊಂದಾಗಿ ಎತ್ತಿ, ಹೊಟ್ಟೆ ಊದಿ ನೋಡಿ, ಹನ್ನೆರಡನ್ನು ಬುಟ್ಟಿಗೆ ಹಾಕಿಕೊಂಡಳು. ರಾತ್ರಿ ಸ್ನಾನದ ಹಂಡೆಯ ಒಲೆಯ ಗೋಡೆಗೆ ಹೊರಗಡೆಯಿಂದ ಬುಟ್ಟಿ ಒತ್ತಿಡಬೇಕು, ಇದ್ದಲು ಮಾತ್ರ ಮನೆಯೊಳಗೆ ತರಬಾರದು ಎಂದೆಲ್ಲ ನಾನು ಹೇಳುತ್ತಿದ್ದೆ. ಕೇಳಿದಳೋ ಇಲ್ಲವೋ. ತಿರುಗಿ ನೋಡದೆ ಹೋದಳು.

ಅವತ್ತು, ಮರುದಿನ, ಅದರ ಮರುದಿನ ಯಾರೂ ಬರಲಿಲ್ಲ. ಒಲೆಗೆ ಬೊಡ್ಡೆ ಕೊಡುತ್ತ, ಅಂತರಸಂತೆಗೆ ಟ್ರಂಕು ಕಟ್ಟುವುದನ್ನು ಯೋಚಿಸುತ್ತ ಕೂತಿದ್ದೆ. ನ್ಯಾಯವಾಗಿಯೇ ಇದೆ ಎನಿಸುತ್ತಿತ್ತು. ನಾಲ್ಕನೆಯ ಬೆಳಗ್ಗೆ ಅವಳು ಬಾಗಿಲ ಮುಂದೆ ನಿಂತಿದ್ದಳು. ಕೈಯಲ್ಲಿ ಬುಟ್ಟಿ ಇರಲಿಲ್ಲ. ಎಲ್ಲ ಸತ್ತವೇನೋ ಎಂದುಕೊಂಡೆ.

“ಹನ್ನೆರಡೂ ಚೆಂದಾಗವೆ” ಎಂದಳು. “ಬೀದಿಯೋರು ಬಂದ್ ಬಂದ್ ನೋಡ್ಕಂಡೋಗ್ತಾವ್ರೆ. ಅವರ್ಗೂ ಬೇಕಂತೆ. ನಾನು ಅಂದೆ, ಮೊದ್ಲು ಅವ್ರ ಬಾಯಿಂದ ಒಂದ್ ಮಾತು ಕೇಳ್ಕಳಿ, ಆಮೇಲೆ ಈಸ್ಕಳಿ ಅಂತ. ನಂಗೇಳಿದ್ರಲ್ಲ, ಅದ್ನ ಅವರ್ಗೂ ನೀವೇ ಏಳ್ಬೇಕು. ಬಯ್ತಾರೆ. ಬಯ್ಯಿಸ್ಕಳಿ. ನಮ್ಮನೆ ಜಗ್ಲೀಲಿ ಎಲ್ರೂ ಕುಂತವ್ರೆ. ಬನ್ನಿ.”

ನಾನು ಏನು ತೆಗೆದುಕೊಳ್ಳಲಿ ಎಂದು ಗಾಬರಿಯಲ್ಲಿ ಒಳಗೆ ಹೊರಗೆ ಓಡಾಡಿದೆ. ಥರ್ಮಾಮೀಟರು, ರಿಜಿಸ್ಟರು, ಒಂದೂ ಕೈಗೆ ಹತ್ತಲಿಲ್ಲ.

“ಬರಿಗೈಲಿ ಬನ್ನಿ” ಎಂದಳು. “ಇದ್ಲು ಬಾಂಡ್ಲಿ ಒಂದ್ ತರಬ್ಯಾಡಿ.”

ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಆಗಲೇ ಬೆನ್ನು ತಿರುಗಿಸಿ ಹೊರಟಿದ್ದಳು. ಹೊಲದ ಬದುವಿನ ಮೇಲೆ ಅವಳು ಮುಂದೆ, ಹತ್ತು ಮಾರು ಹಿಂದೆ ನಾನು. ಕೆಳಗಿನ ಬೀದಿಯ ಮೊದಲ ಮನೆ ಕಾಣುವಾಗ ನಾನು ನಿಂತುಬಿಟ್ಟೆನೆಂದು ಕಾಣುತ್ತದೆ. ಅವಳು ಹಿಂದಿರುಗಿ ನೋಡದೆಯೇ ಕೂಗಿದಳು.

“ಬತ್ತಿದ್ದೀರಾ?”

“ಬತ್ತಿದ್ದೀನಿ” ಎಂದೆ.